ಕಿಡಿ ಕಾಣುವ ಕಿಟಕಿ

ಕಿಡಿಯಕ್ಕನ ಬಲಗೈ ತೋರುಬೆರಳು ಆ ನದೀತೀರದಲ್ಲಿ ಒಂದು ಉಪಕರಣವೆಂದೇ ಲೆಕ್ಕ. ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರು ಎಷ್ಟೇ ಹಳೆಯದಿರಲಿ, ಅದರ ಹೊಟ್ಟೆಯೊಳಗಿನ ಕಿಡಿ ಹುಟ್ಟಿಸುವ ತಂತಿಸುರುಳಿಗೆ, ಅಂದರೆ ಕಾಯಿಲ್‌ಗೆ, ಜೀವವಿದೆಯೋ ಇಲ್ಲವೋ ಎಂಬುದನ್ನು ಆ ಬೆರಳೇ ಹೇಳಬೇಕು. ಅಕ್ಕ ಪ್ಲಗ್ಗಿನ ತಂತಿ ಬಿಚ್ಚುತ್ತಾಳೆ. ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಂಡು ತಂತಿಯ ಬಾಯಿಗೆ ಹಿಡಿಯುತ್ತಾಳೆ. ಎಡಗೈಯಲ್ಲಿ ಹಗ್ಗ ಎಳೆದು ಚಕ್ರ ತಿರುಗಿಸುತ್ತಾಳೆ. ಕಿಡಿ ಹೊಡೆದರೆ ಅವಳ ಹುಬ್ಬು ಒಂದು ಸಲ ಹಾರುತ್ತದೆ. "ಬದುಕಿದೆ" ಅನ್ನುತ್ತಾಳೆ. ಹೊಡೆಯದಿದ್ದರೆ ಕಾಯಿಲನ್ನು ಕಳಚಿ, ಅದಕ್ಕೊಂದು ಕಪ್ಪು ದಾರ ಕಟ್ಟಿ, ಬೆಂಚಿನ ಕೆಳಗಿನ ಮರದ ಪೆಟ್ಟಿಗೆಗೆ ಹಾಕುತ್ತಾಳೆ.

ನಲವತ್ತು ವರ್ಷ ಹೀಗೇ ನಡೆದಿತ್ತು. ಅಪ್ಪನಿಂದ ಕಲಿತ ವಿದ್ಯೆ. ಅಪ್ಪನಿಗೂ ಹುಬ್ಬು ಹಾರುತ್ತಿತ್ತಂತೆ.

ಅವಳ ತಮ್ಮನ ಮಗಳು, ಅಂದರೆ ಸೋದರಸೊಸೆ, ಆ ಮನೆಗೆ ಬಂದು ಎರಡು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ "ಒಂದು ವಾರ ಇದ್ದು ಹೋಗು" ಅಂತ ಅತ್ತೆ ಕರೆದದ್ದು. ವಾರ ಮುಗಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಸೊಸೆ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದ್ದಳು. ಇಲ್ಲಿ ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದಳು, ಅತ್ತೆ ಕೆಲಸ ಮಾಡುವಾಗ ದೀಪ ಹಿಡಿಯುತ್ತಿದ್ದಳು. ಅತ್ತೆಗೆ ಖುಷಿಯಿದ್ದರೆ "ಮಗಳೇ" ಅನ್ನುತ್ತಿದ್ದಳು, ಸಿಟ್ಟಿದ್ದರೆ "ಏ ಕಾಲೇಜು" ಅನ್ನುತ್ತಿದ್ದಳು. ಸೊಸೆಗೆ ಎರಡೂ ಒಂದೇ. ಯಾವುದೋ ದಪ್ಪ ಗಾಜಿನ ಆಚೆಯಿಂದ ಮಾತು ಬಂದು, ಅರ್ಥ ತಲುಪಿ, ಸದ್ದು ಮಾತ್ರ ಅಲ್ಲೇ ಉಳಿದ ಹಾಗೆ.

ಆ ವರ್ಷ ಬೆಂಚಿನ ಕೆಳಗಿನ ಪೆಟ್ಟಿಗೆ ಬೇಗ ತುಂಬಿತು.

"ಗಾಳೀಲಿ ತೇವ ಜಾಸ್ತಿ" ಅಂದಳು ಅತ್ತೆ, ಮೊದಮೊದಲು. ಆಮೇಲೆ, "ಎಣ್ಣೆ ಕಲಬೆರಕೆ" ಅಂದಳು. ಎಣ್ಣೆಗೂ ಕಾಯಿಲ್‌ಗೂ ಏನು ಸಂಬಂಧ ಅಂತ ಸೊಸೆ ಕೇಳಲಿಲ್ಲ. ಕೇಳುವ ಅಭ್ಯಾಸ ಬಿಟ್ಟುಹೋಗಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಅಂಬಿಗ ತನ್ನ ಮೋಟಾರನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವವನು ಅವನೊಬ್ಬನೇ. ಮೋಟಾರು ಅವನ ಮದುವೆಗಿಂತ ಹಳೆಯದು. ಅಂಥದ್ದಕ್ಕೆ ಕಾಯಿಲ್ ತಯಾರಿಸುವುದನ್ನು ನಿಲ್ಲಿಸಿ ಸೊಸೆಯ ವಯಸ್ಸಿನಷ್ಟು ವರ್ಷಗಳಾಗಿದ್ದವು. ಅತ್ತೆ ಅದನ್ನು ಮೋಟಾರು ನಿಲ್ಲಿಸುವ ಕಟ್ಟಿಗೆಯ ಕುದುರೆಯ ಮೇಲೆ ಕೂರಿಸಿ ಬೆರಳು ಒದ್ದೆ ಮಾಡಿಕೊಂಡು ಹಗ್ಗ ಎಳೆದಳು. ಮತ್ತೊಂದು ತಂತಿ ಹಿಡಿದು ಮತ್ತೆ ಎಳೆದಳು.

"ಎರಡು ಕಾಯಿಲೂ ಹೋಗಿವೆ."

"ಎರಡೂನಾ? ಒಂದೇ ದಿನ?" ಅಂಬಿಗ ನಕ್ಕುಬಿಟ್ಟ. "ಗಂಡ ಹೆಂಡತಿ ಆದ್ರೂ ಹಾಗೆ ಕೈಕೈ ಹಿಡ್ಕೊಂಡು ಹೋಗಲ್ಲ ಅಕ್ಕ..." ಅಷ್ಟರಲ್ಲಿ ದೀಪ ಹಿಡಿದು ನಿಂತಿದ್ದ ಸೊಸೆ ಕಣ್ಣಿಗೆ ಬಿದ್ದಳು. ನಾಲಿಗೆ ಕಚ್ಚಿಕೊಂಡು ನೆಲ ನೋಡಿದ.

"ಯಾಕೆ, ನನ್ನ ಬೆರಳ ಮೇಲೆ ಅನುಮಾನಾನಾ?"

"ಅನುಮಾನ ಅಲ್ಲ. ನಿನ್ನೆ ಸಂಜೆ ದಡ ಮುಟ್ಟೋವರೆಗೂ ಓಡಿದೆ. ಸ್ವಲ್ಪ ಕೆಮ್ತಾ ಇತ್ತು, ಅಷ್ಟೆ. ಇವತ್ತು ಹತ್ತಲಿಲ್ಲ." ಅಂಬಿಗ ದನಿ ತಗ್ಗಿಸಿದ. "ಅಕ್ಕ, ಬೇಜಾರು ಮಾಡ್ಕೋಬೇಡ. ಈ ತಿಂಗಳು ಇದು ಆರನೇ ಮೋಟಾರು. ಜನ ಮಾತಾಡ್ತಿದ್ದಾರೆ. ಮೀನಿನವರೆಲ್ಲ ಆಗಲೇ ಮೇಲಿನ ಕಡವಿನ ಹೊಸ ಅಂಗಡಿಗೆ ಹೋಗ್ತಿದ್ದಾರೆ."

ಕಿಡಿಯಕ್ಕ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಸ್ಪ್ಯಾನರನ್ನು ಬೆಂಚಿನ ಮೇಲೆ ಕುಕ್ಕಿದಳು.

"ಆಯ್ತು. ಕಾಯಿಲ್ ಪರೀಕ್ಷೆ ಮಾಡೋ ಒಂದು ಟೆಸ್ಟರ್ ತರೋಣ. ಅಂಗೈ ಹುಣ್ಣು ನೋಡೋಕೆ ಕನ್ನಡಿ ಬೇಕು ಅಂತೀರಲ್ಲ, ಕನ್ನಡೀನೇ ತರೋಣ. ಕಾಯಿಲ್ ಸತ್ತಿದೆ ಅಂತ ಮಷೀನೂ ಅಂದ್ರೆ ಊರ ಬಾಯಿ ಮುಚ್ಚತ್ತೆ."

"ಬದುಕಿದೆ ಅಂದ್ರೆ?"

"ಅಂದ್ರೆ ಅವತ್ತೇ ನಾನು ಈ ಬೆಂಚು ಬಿಟ್ಟು ಎದ್ದೆ ಅಂತ ತಿಳ್ಕೋ."

ಹೇಳಿದ ಮೇಲೆ ಹೇಳಿದ್ದೇ. ಅದು ಅಂಬಿಗನಿಗೂ ಗೊತ್ತು, ಸೊಸೆಗೂ ಗೊತ್ತು. ಬೆಂಚಿನ ಮೇಲ್ಭಾಗದಲ್ಲಿ ಅತ್ತೆ ಮೊಣಕೈ ಊರುವ ಜಾಗ ಬಟ್ಟಲಿನಂತೆ ಸವೆದಿತ್ತು. ಆ ಬಟ್ಟಲು ಬಿಟ್ಟರೆ ಅತ್ತೆಗೆ ಹೋಗಲು ಬೇರೆ ಜಾಗವಿರಲಿಲ್ಲ.

ಹೊಸ ಟೆಸ್ಟರುಗಳಿಂದ ಪ್ರಯೋಜನವಿಲ್ಲ. ಅವು ಕಾಯಿಲ್‌ನ ತಂತಿ ತುಂಡಾಗಿದೆಯೋ ಇಲ್ಲವೋ ಅಷ್ಟೇ ಹೇಳುತ್ತವೆ. ಕೆಲಸಕ್ಕೆ ಹಚ್ಚಿದಾಗ ಕಿಡಿ ಕೊಡುತ್ತದೋ ಅಥವಾ ಒಳಗೊಳಗೇ ಸೋರಿಸಿಕೊಂಡು ಕೂರುತ್ತದೋ ಅನ್ನುವುದು ಅವಕ್ಕೆ ತಿಳಿಯದು. ಈ ಮೋಟಾರುಗಳ ಕಾಲದಲ್ಲೇ ಹುಟ್ಟಿದ ಟೆಸ್ಟರ್ ಬೇಕು. ಅಂಥವು ಆಚೆ ದಡದ ಮುಳ್ಳು ತಾತನ ಬಳಿ ಮೂರು ಇವೆಯಂತೆ. ತಾತ ಹಿಂದೆ ಯಾವುದೋ ಶಾಲೆಯ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದವನು. ಮನೆ ತುಂಬ ಮುಳ್ಳು ಅಲ್ಲಾಡುವ ಹಳೆಯ ಮೀಟರುಗಳು, ಅದಕ್ಕೇ ಆ ಹೆಸರು.

"ನೀನೇ ಹೋಗು" ಅಂದಳು ಅತ್ತೆ. "ಓದಿದವಳು ನೀನು." ಪೆಟ್ಟಿಗೆಗೆ ಕೈ ಹಾಕಿ ಐದು ಕಾಯಿಲ್ ತೆಗೆದಳು, ಅಂಬಿಗನ ಎರಡನ್ನೂ ಕಳಚಿ, ಕಪ್ಪು ದಾರ ಕಟ್ಟಿ, ಜೊತೆಗೆ ಸೇರಿಸಿದಳು. "ಈ ಏಳೂ ಸತ್ತಿವೆ. ಅದು ನನಗೆ ಗೊತ್ತು. ಯಾವ ಮಷೀನು ಇವನ್ನ ಸತ್ತಿವೆ ಅನ್ನತ್ತೋ ಅದು ಸರಿಯಾದ್ದು. ಅದನ್ನ ತಗೊಂಡು ಬಾ. ಬದುಕಿವೆ ಅನ್ನೋ ಮಷೀನು ಸುಳ್ಳು ಮಷೀನು. ಅಲ್ವಾ?"

"ಹೌದು ಅತ್ತೆ."

ನಿಜಕ್ಕೂ ಹೌದು ಅಂತಲೇ ಸೊಸೆಗೆ ಅನ್ನಿಸಿತು. ಮೊದಲ ವರ್ಷದ ಪ್ರಯೋಗಾಲಯದಲ್ಲಿ ಕಲಿಸಿದ್ದೂ ಅದೇ. ತಕ್ಕಡಿ ಸರಿಯಿದೆಯೇ ಅಂತ ನೋಡಲು ತೂಕ ಗೊತ್ತಿರುವ ಕಲ್ಲನ್ನೇ ಇಡಬೇಕು. ಅವಳು ಏಳು ಕಾಯಿಲ್‌ಗಳನ್ನೂ ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಅಂಬಿಗನ ಹಿಂದೆ ನಡೆದಳು.

ಮೋಟಾರಿಲ್ಲದ ದೋಣಿ ಬೇರೆಯೇ ದೋಣಿ. ಹತ್ತು ನಿಮಿಷದ ನದಿ ಅವತ್ತು ಒಂದು ತಾಸಿನ ನದಿಯಾಯಿತು. ಮಂಜು ನೀರಿಗೆ ಹೊದಿಸಿದ ಹಾಗೆ ಮಲಗಿತ್ತು. ಹುಟ್ಟು ಅದರೊಳಗೆ ಇಳಿದು, ಎಲ್ಲೋ ಕೆಳಗೆ ನೀರನ್ನು ಮುಟ್ಟಿ, ಮತ್ತೆ ಮೇಲೆ ಬರುತ್ತಿತ್ತು. ಹಿಂದಿನ ದಡ ಮೊದಲು ಬಣ್ಣ ಕಳೆದುಕೊಂಡಿತು, ಆಮೇಲೆ ಅಂಚು ಕಳೆದುಕೊಂಡಿತು, ಆಮೇಲೆ ಇರಲೇ ಇಲ್ಲ. ಮುಂದಿನ ದಡ ಇನ್ನೂ ಹುಟ್ಟಿರಲಿಲ್ಲ. ಅಂಬಿಗನ ಉಸಿರು ಮಾತ್ರ ಕೇಳುತ್ತಿತ್ತು. ಹುಟ್ಟು ಎಳೆದಾಗ ಒಂದು, ಬಿಟ್ಟಾಗ ಒಂದು.

"ಮಾವ, ಕೈ ನೋಯ್ತಿದೆಯಾ?"

"ಕೈ ನೋವಲ್ಲ ಮಗಳೇ, ಕೈಗೆ ಅವಮಾನ. ಮೂವತ್ತು ವರ್ಷ ಹಗ್ಗ ಎಳೆದು ಕೂತಿದ್ದ ಕೈ." ಎರಡು ಸಲ ಹುಟ್ಟು ಎಳೆದು ಹೇಳಿದ: "ಭಾನುವಾರದವರೆಗೆ ನೋಡ್ತೀನಿ. ಆಮೇಲೆ ದೋಣಿ ಮಗುಚಿ ಹಾಕೋದೇ. ನಿಮ್ಮತ್ತೆಗೆ ಹೇಳಬೇಡ, ನೊಂದ್ಕೋತಾಳೆ."

ಸೊಸೆ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಏಳು ಕಾಯಿಲ್‌ಗಳು ಅಲ್ಲಿ ಮಲಗಿದ ಹಕ್ಕಿಗಳಂತೆ ಒಂದಕ್ಕೊಂದು ಒತ್ತಿಕೊಂಡು ಬೆಚ್ಚಗಾಗಿದ್ದವು. ಮಂಜಿನಲ್ಲಿ ಕೂತು ಅವಳಿಗೆ ಅನ್ನಿಸಿತು, ಈ ದೋಣಿ ಹೀಗೇ ಎಲ್ಲೂ ಮುಟ್ಟದೆ ಇದ್ದರೂ ತನಗೇನೂ ತಕರಾರಿಲ್ಲ ಅಂತ.

ಮುಟ್ಟಿತು.

ಮುಳ್ಳು ತಾತನದು ಮಾಳಿಗೆಯ ಮೇಲಿನ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಕಪಾಟುಗಳು, ಕಪಾಟಿನ ತುಂಬ ಮೀಟರುಗಳು. ಅವುಗಳ ಮುಳ್ಳುಗಳೆಲ್ಲ ಎಡಕ್ಕೆ ಒರಗಿ, ಸೊನ್ನೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದವು. ಕೆಳಗೆ ಬೀದಿಯಲ್ಲಿ ಗಾಡಿ ಹಾದರೆ ನೂರು ಮುಳ್ಳುಗಳೂ ನಿದ್ದೆಯಲ್ಲೇ ಒಂದು ಸಲ ನಡುಗಿ ಮತ್ತೆ ಸುಮ್ಮನಾಗುತ್ತಿದ್ದವು. ತಾತ ಮೆಲ್ಲಗೆ ಮಾತಾಡುತ್ತಿದ್ದ, ಅವು ಎಚ್ಚರಗೊಂಡಾವು ಅನ್ನುವ ಹಾಗೆ.

"ಕಿಡಿಯಕ್ಕ ಟೆಸ್ಟರ್ ಕೇಳ್ತಿದ್ದಾಳಾ? ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?"

"ಮಂಜಿತ್ತು ತಾತ, ಕಾಣಲಿಲ್ಲ."

ತಾತ ಅವಳ ಮುಖ ನೋಡಿದ. ತಮಾಷೆಯೋ ನಿಜವೋ ತಿಳಿಯದೆ ತಾನೇ ನಕ್ಕ. ಮೂರು ಪೆಟ್ಟಿಗೆಗಳನ್ನು ತಂದು ಕಿಟಕಿಯ ಬಳಿ ಸಾಲಾಗಿ ಇಟ್ಟ.

ಮೊದಲನೆಯದು ಹೊಳೆಯುವ ಮರದ ಪೆಟ್ಟಿಗೆ, ಹಿತ್ತಾಳೆಯ ಮೂಲೆಗಳು, ನಡುವೆ ಅರ್ಧಚಂದ್ರದಂಥ ಮೀಟರು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ನೋಡಲು ಮೂರರಲ್ಲಿ ಚೆಂದ ಅದೇ. ಸೊಸೆ ಚೀಲ ಬಿಚ್ಚಿ ಮೊದಲ ಕಾಯಿಲ್ ಸಿಕ್ಕಿಸಿದಳು. ಮುಳ್ಳು ಸ್ವಲ್ಪ ಎದ್ದು ಕೆಂಪಿನಲ್ಲೇ ಕೂತಿತು. ಎರಡನೆಯದೂ ಕೆಂಪು, ಮೂರನೆಯದೂ ಕೆಂಪು. ಏಳೂ ಕೆಂಪು.

"ಇದೇ ಕೊಡಿ ತಾತ" ಅಂದಳು. ಇಷ್ಟು ಸುಲಭವಾಗಿ ಮುಗಿಯಿತಲ್ಲ ಅನ್ನಿಸಿತ್ತು. "ನಮ್ಮತ್ತೆ ಬೆರಳು ಹೇಳಿದ್ದನ್ನೇ ಇದೂ ಹೇಳ್ತಿದೆ."

"ತಡಿ ತಡಿ. ಇದು ಎಲ್ಲರಿಗೂ ಹಾಗೇ ಹೇಳತ್ತೆ." ತಾತ ಒಳಗೆ ಹೋಗಿ ಮೇಣದ ಕಾಗದದಲ್ಲಿ ಸುತ್ತಿಟ್ಟ ಒಂದು ಕಾಯಿಲ್ ತಂದ. "ಇದು ನನ್ನ ಸ್ವಂತದ್ದು. ಇನ್ನೂ ಮೋಟಾರಿನ ಮುಖಾನೇ ನೋಡಿಲ್ಲ. ಹಾಕು."

ಕೆಂಪು.

"ಒಳಗೆ ಒಣಗಿ ಹೋಗಿದೆ. ನಮ್ಮ ಪಕ್ಕದ ಮನೆ ಮುದುಕನ ಥರ. ಯಾರು ಎದುರಿಗೆ ಬಂದ್ರೂ 'ಏನು ಸೊರಗಿ ಹೋಗಿದೀಯಲ್ಲ' ಅಂತಾನೆ. ಕಡೆಗೆ ಸೊರಗಿದ್ದು ಅವನೇ." ತಾತ ಪೆಟ್ಟಿಗೆಯನ್ನು ಆಚೆ ಸರಿಸಿದ. "ನೋಡೋಕೆ ಚೆಂದ ಅಂತ ಇಟ್ಕೊಂಡಿದ್ದೀನಿ. ಮುಂದಿನದು ನೋಡು."

ಎರಡನೆಯದು ಬೂದು ಬಣ್ಣದ ತಗಡಿನ ಪೆಟ್ಟಿಗೆ. ಜೊತೆಗೊಂದು ಪುಸ್ತಕ. ಯಾವ ಕಾಯಿಲ್‌ಗೆ ಎಷ್ಟು ವಿದ್ಯುತ್ತು ಕೊಟ್ಟರೆ ಕಿಡಿ ಬರಬೇಕು ಅನ್ನುವ ಅಂಕಿಗಳು ಪುಟಗಟ್ಟಲೆ. ಪುಸ್ತಕದಲ್ಲಿ ನೋಡಿ, ಗುಂಡಿ ತಿರುಗಿಸಿ, ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ಓದಬೇಕು. ಸೊಸೆಗೆ ಅದು ತಕ್ಷಣ ಇಷ್ಟವಾಯಿತು. ಅಂಕಿಗಳು ಸಣ್ಣಗೆ, ಅಚ್ಚುಕಟ್ಟಾಗಿ, ಯಾರನ್ನೂ ನೋಯಿಸದೆ ನಿಂತಿದ್ದವು.

ತಾತನ ಹೊಸ ಕಾಯಿಲ್ ಹಾಕಿದಾಗ ಮುಳ್ಳು ಪುಸ್ತಕ ಹೇಳಿದ ಅಂಕಿಯ ಮೇಲೆ ಹೋಗಿ ನಿಂತಿತು. ಆಮೇಲೆ ಅತ್ತೆಯ ಏಳು ಕಾಯಿಲ್‌ಗಳು. ಮೊದಲನೆಯದು ಸರಿಯಿದೆ. ಎರಡನೆಯದು ಸತ್ತಿದೆ. ಮೂರನೆಯದು ಸರಿ, ನಾಲ್ಕನೆಯದು ಸರಿ. ಐದನೆಯದು ಸತ್ತಿದೆ. ಕೊನೆಯ ಎರಡು, ಅಂಬಿಗನವು, ಎರಡೂ ಸರಿ.

"ಇದೂ ಕೆಟ್ಟಿದೆ ತಾತ."

"ಯಾಕೆ?"

"ಏಳೂ ಸತ್ತಿರೋವು. ಇದು ಐದು ಬದುಕಿವೆ ಅಂತಿದೆ."

ತಾತ ಮೂರನೆಯದನ್ನು ಮುಂದಕ್ಕೆ ತಳ್ಳಿದ. ಅದು ಎಲ್ಲಕ್ಕಿಂತ ಹಳೆಯದು, ಕಪ್ಪಗೆ, ಹಿಡಿಕೆ ಮುರಿದದ್ದು. ಅದಕ್ಕೆ ಮೀಟರೇ ಇರಲಿಲ್ಲ. ಮುಂಭಾಗದಲ್ಲಿ ಅಂಗೈಯಗಲದ ಒಂದು ಗಾಜಿನ ಕಿಟಕಿ. ಅದರ ಹಿಂದೆ ಕತ್ತಲು. ಕತ್ತಲಲ್ಲಿ ಎದುರುಬದುರಾಗಿ ಎರಡು ಮೊನೆಗಳು. ಕಾಯಿಲ್ ಸಿಕ್ಕಿಸಿ ಗುಂಡಿ ತಿರುಗಿಸಿದರೆ ಒಳಗೆ ಜೀರುಂಡೆಯಂತೆ ಒಂದು ಗುಂಯ್‌ಗುಟ್ಟುವಿಕೆ. ಕಾಯಿಲ್‌ಗೆ ಜೀವವಿದ್ದರೆ ಒಂದು ಮೊನೆಯಿಂದ ಇನ್ನೊಂದಕ್ಕೆ ಕಿಡಿ ಹಾರುತ್ತದೆ. ಅಷ್ಟೇ.

ಮೊದಲ ಕಾಯಿಲ್‌ಗೆ ಹಾರಿತು. ನೀಲಿ ಅಂದರೆ ಅಂಥ ನೀಲಿ. ತೆಳ್ಳಗೆ, ಎಡೆಬಿಡದೆ, ಯಾರೋ ಕತ್ತಲಲ್ಲಿ ಹೊಲಿಗೆ ಹಾಕುತ್ತಿರುವ ಹಾಗೆ. ಸೊಸೆ ಅದನ್ನೇ ನೋಡುತ್ತ ಗುಂಡಿ ಆರಿಸಲು ಮರೆತಳು. ಎರಡನೆಯದಕ್ಕೆ ಕಿಟಕಿ ಕತ್ತಲಾಗಿಯೇ ಇತ್ತು. ಮೂರನೆಯದು ನೀಲಿ, ನಾಲ್ಕು ನೀಲಿ, ಐದು ಕತ್ತಲು. ಅಂಬಿಗನ ಎರಡೂ ನೀಲಿ.

"ಇದೂ ಕೆಟ್ಟಿದೆ ಅಂತೀಯಾ?" ತಾತ ಕೇಳಿದ. "ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರು ಮಾಡಿದ ಎರಡು ಪೆಟ್ಟಿಗೆ. ಅದೇ ಎರಡನ್ನ ಸತ್ತಿವೆ ಅಂತಿವೆ, ಅದೇ ಐದನ್ನ ಬದುಕಿವೆ ಅಂತಿವೆ. ಮಾತಾಡಿಕೊಂಡು ಬಂದಿವೆಯಾ?"

ಸೊಸೆ ಕೊನೆಯ ಕಾಯಿಲನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು.

"ಎಷ್ಟು ವರ್ಷದ ಬೆರಳು ಮಗು ಅದು?"

"ಅರವತ್ತಾರು."

"ಇಲ್ಲಿರೋ ಎಲ್ಲಾನೂ ವರ್ಷಕ್ಕೊಂದು ಸಲ ತಾಳೆ ನೋಡ್ತೀನಿ. ಬೆರಳನ್ನ ಯಾರು ನೋಡ್ತಾರೆ ಹೇಳು."

ಆಗ ಅವಳಿಗೆ ವಾಸನೆ ನೆನಪಾಯಿತು. ಹಿಂದಿನ ಚಳಿಗಾಲ, ಬೆಸುಗೆ ಹಾಕುತ್ತಿದ್ದ ಅತ್ತೆ ಮೂಗು ಅರಳಿಸಿ, "ಏನೋ ಸುಟ್ಟ ವಾಸನೆ, ಒಲೆ ಮೇಲೆ ಏನಾದ್ರೂ ಇಟ್ಟಿದ್ಯಾ?" ಅಂದಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ. ಸುಡುತ್ತಿದ್ದದ್ದು ಅತ್ತೆಯ ತೋರುಬೆರಳು, ಬೆಸುಗೆ ಕಡ್ಡಿಗೆ ತಾಗಿಕೊಂಡು. "ದಪ್ಪ ಚರ್ಮ ಕಣೇ, ಊರವರ ಮಾತು ಕೇಳಿ ಕೇಳಿ" ಅಂತ ನಕ್ಕು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಸೊಸೆ ಪಕ್ಕದಲ್ಲೇ ದೀಪ ಹಿಡಿದು ನಿಂತಿದ್ದಳು, ನೋಡಿದ್ದಳು, ಏನೂ ಅನ್ನಿಸಿರಲಿಲ್ಲ. ಪೆಟ್ಟಿಗೆ ತುಂಬತೊಡಗಿದ್ದು ಆಮೇಲೆಯೇ.

ಅವಳು ಚೆಂದದ ಪೆಟ್ಟಿಗೆಯ ಕಡೆ ನೋಡಿದಳು. ಅದನ್ನು ಒಯ್ದರೆ ಅತ್ತೆ ಗೆಲ್ಲುತ್ತಾಳೆ. ಬೆಂಚು ಉಳಿಯುತ್ತದೆ, ಮೊಣಕೈಯ ಬಟ್ಟಲು ಉಳಿಯುತ್ತದೆ. ಹಾವೂ ಸಾಯದು, ಕೋಲೂ ಮುರಿಯದು.

"ಅದು ಬೇಕಾದ್ರೆ ಸುಮ್ನೆ ತಗೊಂಡು ಹೋಗು" ಅಂದ ತಾತ, ಅವಳ ಕಣ್ಣು ಹೋದ ಕಡೆ ನೋಡಿ. "ಆದ್ರೆ ಅದು ಟೆಸ್ಟರ್ ಅಂತ ಕೊಡ್ತಿಲ್ಲ. ಪೆಟ್ಟಿಗೆ ಅಂತ ಕೊಡ್ತೀನಿ."

ಸೊಸೆ ಕಿಟಕಿಯ ಹೊರಗೆ ನೋಡಿದಳು. ಕೆಳಗೆ ಕಡವಿನಲ್ಲಿ ಅಂಬಿಗ ದೋಣಿಯೊಳಗೆ ಅಂಗಾತ ಮಲಗಿದ್ದ, ಎರಡೂ ಕೈಗಳನ್ನು ಅಂಚಿನಿಂದಾಚೆ ನೀರಿಗೆ ಇಳಿಬಿಟ್ಟು.

"ಎರಡನೇದು ಸರಿಯಾದ್ದು" ಅಂದಳು ನಿಧಾನವಾಗಿ. "ಪುಸ್ತಕ ಇದೆ. ಲೆಕ್ಕ ಇದೆ. ನನಗಾದ್ರೆ ಅದೇ ಬೇಕು." ಕಪ್ಪು ಪೆಟ್ಟಿಗೆಯ ಗಾಜನ್ನು ಬೆರಳಿಂದ ಒರೆಸಿದಳು. "ಅತ್ತೆಗೆ ಮೂರನೇದು ಕೊಡಿ."

"ಯಾಕೆ ಹಾಗೆ?"

"ಮುಳ್ಳು ಹೇಳಿದ್ದನ್ನ ಅವಳು ನಂಬಲ್ಲ. ಜಗಳ ಆಡ್ತಾಳೆ. ಕಿಡಿ ಜೊತೆ ಅವಳಿಗೆ ಹಳೇ ಪರಿಚಯ."

ತಾತ ಮುರಿದ ಹಿಡಿಕೆಯ ಜಾಗಕ್ಕೆ ಗಟ್ಟಿ ಹುರಿ ಕಟ್ಟಿಕೊಟ್ಟ.

ವಾಪಸು ಬರುವಾಗ ಮಂಜು ಎದ್ದು ಹೋಗಿತ್ತು, ಆದರೂ ನದಿ ಇನ್ನೂ ಪೂರ್ತಿ ಎಚ್ಚರವಾದಂತಿರಲಿಲ್ಲ. ಬಿಸಿಲು ನೀರಿನ ಮೇಲೆ ತೂಕಡಿಸುತ್ತಿತ್ತು. ಅಂಬಿಗ ಕಪ್ಪು ಪೆಟ್ಟಿಗೆಯ ಕಡೆ ಗದ್ದ ಎತ್ತಿ, "ಏನಂತೆ?" ಅಂದ.

"ಗೊತ್ತಿಲ್ಲ ಮಾವ." ಅತ್ತೆಗಿಂತ ಮೊದಲು ಬೇರೆಯವರಿಗೆ ತಿಳಿಯಬಾರದು ಅಂತಷ್ಟೇ ಅವಳು ಸುಳ್ಳು ಹೇಳಿದಳು. ಎರಡು ವರ್ಷಗಳಲ್ಲಿ ಅವಳು ಬೇಕೆಂದು ಹೇಳಿದ ಮೊದಲ ಸುಳ್ಳು ಅದು. ಅಷ್ಟು ದಿನ ಅದರ ಅಗತ್ಯವೂ ಬಿದ್ದಿರಲಿಲ್ಲ.

ಅತ್ತೆ ಚಹಾ ಮಾಡಿಟ್ಟುಕೊಂಡು ಕಾಯುತ್ತಿದ್ದಳು.

"ಇದೇನೇ, ಸುಟ್ಟ ರೊಟ್ಟಿ ಥರ ಇದೆ. ಇದಕ್ಕಿಂತ ಚೆನ್ನಾಗಿರೋದು ಸಿಗಲಿಲ್ವಾ?"

"ಸಿಕ್ಕಿತ್ತು. ಅದು ಸುಳ್ಳು ಹೇಳ್ತಿತ್ತು."

"ಇದು ನನ್ನ ಏಳನ್ನೂ ಸತ್ತಿವೆ ಅಂತಾ?"

ಸೊಸೆ ಬೆಂಚಿನ ಮೇಲೆ ಜಾಗ ಮಾಡಿ ಪೆಟ್ಟಿಗೆ ಇಟ್ಟಳು. ಬಾಗಿಲು ಅರ್ಧ ಮುಚ್ಚಿದಳು, ಪೆಟ್ಟಿಗೆಯ ಗಾಜಿನ ಕಿಟಕಿ ಚೆನ್ನಾಗಿ ಕಾಣಲಿ ಅಂತ. ಚೀಲದಿಂದ ಅಂಬಿಗನ ಒಂದು ಕಾಯಿಲ್ ತೆಗೆದು, ಕಪ್ಪು ದಾರ ಬಿಚ್ಚದೆಯೇ ಸಿಕ್ಕಿಸಿದಳು. "ನೀನೇ ತಿರುಗಿಸು ಅತ್ತೆ."

ಅತ್ತೆ ಗುಂಡಿ ತಿರುಗಿಸಿದಳು. ಜೀರುಂಡೆ ಹಾಡಿತು. ಕಿಟಕಿಯ ಕತ್ತಲಲ್ಲಿ ನೀಲಿ ಹೊಲಿಗೆ ಬಿತ್ತು.

ಬಹಳ ಹೊತ್ತು ಇಬ್ಬರೂ ಅದನ್ನೇ ನೋಡಿದರು. ಅತ್ತೆಯ ಕನ್ನಡಕದ ಎರಡೂ ಗಾಜುಗಳಲ್ಲಿ ಒಂದೊಂದು ಕಿಡಿ.

"ಬರೀ ಬೆಳಕು" ಅಂದಳು ಅತ್ತೆ. "ಬಲ ಇಲ್ಲ ಅದಕ್ಕೆ."

ಗುಂಡಿ ಆರಿಸಿದಳು. ಕಾಯಿಲ್‌ನಿಂದ ಕಿಟಕಿಗೆ ಹೋಗುವ ತಂತಿಯನ್ನು ಕಿತ್ತಳು. ಬೆರಳನ್ನು ನಾಲಿಗೆಗೆ ಮುಟ್ಟಿಸಿ, ತಂತಿಯ ಬಾಯಿಯಿಂದ ಒಂದು ಕಾಳಿನಷ್ಟು ದೂರ ಹಿಡಿದು, ಮತ್ತೆ ಗುಂಡಿ ತಿರುಗಿಸಿದಳು. ಅರ್ಧ ಕತ್ತಲ ಆ ಕೋಣೆಯಲ್ಲಿ ಕಿಡಿ ತಂತಿಯಿಂದ ಹೊರಟು ಬೆರಳ ತುದಿಗೆ ಹೋಗುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಹೋಗುತ್ತಲೇ ಇತ್ತು. ಟಪಟಪ ಅನ್ನುವ ಸಣ್ಣ ಸದ್ದೂ ಇತ್ತು. ಅತ್ತೆಯ ಹುಬ್ಬು ಹಾರಲಿಲ್ಲ. ಯಾರದೋ ಬೆರಳನ್ನು ನೋಡುವಂತೆ ಅವಳು ತನ್ನ ಬೆರಳನ್ನು ನೋಡಿದಳು.

"ಸಾಕು ಅತ್ತೆ."

"ತಡಿ." ಅತ್ತೆಯ ದನಿ ಬದಲಾಗಿತ್ತು. "ಬಲ ಇಲ್ಲದ ಕಿಡಿ ಇರತ್ತೆ. ನಮ್ಮಪ್ಪ ಹೇಳೋನು. ನೀನು ಹಿಡಿ ನೋಡೋಣ."

"ನಾನಾ?"

"ಹ್ಞೂಂ. ಇಷ್ಟು ದಿನ ದೀಪ ಹಿಡಿದಿದ್ದೀಯ. ಇದನ್ನೂ ಹಿಡಿ."

ಸೊಸೆ ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಸೀಮೆಎಣ್ಣೆಯ ರುಚಿ. ತನಗೂ ಏನೂ ಆಗಲಿಕ್ಕಿಲ್ಲ ಅಂತ ಅವಳಿಗೆ ಹೆಚ್ಚುಕಡಿಮೆ ಖಾತ್ರಿಯಿತ್ತು. ಬೆರಳನ್ನು ತಂತಿಯ ಬಾಯಿಗೆ ಒಯ್ದಳು.

ಏಟು ಮೊಣಕೈವರೆಗೆ ಹೋಯಿತು. "ಅಯ್ಯೋ!" ಅಂತ ಅವಳು ಕೂಗಿದ್ದು ಬೀದಿಗೆ ಕೇಳಿಸಿತು. ಕೈ ತಾನಾಗಿ ಎಗರಿ ಚಹಾದ ಲೋಟ ಉರುಳಿತು, ಬೆಂಚಿನ ಮೇಲೆಲ್ಲ ಚಹಾ. ಅವಳ ಹುಬ್ಬು ಹಾರಿ ಕೂದಲಿನ ಹತ್ತಿರ ಹೋಗಿತ್ತು.

ಅತ್ತೆ ನೋಡುತ್ತಿದ್ದದ್ದು ಕಿಡಿಯನ್ನಲ್ಲ, ಆ ಹುಬ್ಬನ್ನು.

"ಬಲ ಇದೆ" ಅಂದಳು.

ಗುಂಡಿ ಆರಿಸಿದಳು. ಜೀರುಂಡೆ ನಿಂತಿತು. ಸೊಸೆ ಬೆರಳನ್ನು ಇನ್ನೊಂದು ಕೈಯಲ್ಲಿ ಅದುಮಿಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರು ಬಂದಿತ್ತು. ನೋವಿಗೇ ಬಂದದ್ದು. ಒರೆಸಿಕೊಳ್ಳಲಿಲ್ಲ. ಚಹಾ ಬೆಂಚಿನ ಅಂಚಿನಿಂದ ತೊಟ್ಟಿಕ್ಕುತ್ತಿತ್ತು.

ಅತ್ತೆ ಸ್ಟೂಲಿನಿಂದ ಎದ್ದಳು. ಹೇಳಿದ ಮೇಲೆ ಹೇಳಿದ್ದೇ. ಯಾರನ್ನೂ ನೋಡದೆ ಬಾಗಿಲು ತೆರೆದು ಹೊರಗೆ ಹೋಗಿ, ನೀರಿಗಿಳಿಯುವ ಮೆಟ್ಟಿಲ ಮೇಲೆ ಕೂತಳು. ಸೊಸೆ ಬೆಂಚು ಒರೆಸಿದಳು. ಮೊಣಕೈಯ ಬಟ್ಟಲಲ್ಲಿ ನಿಂತಿದ್ದ ಚಹಾವನ್ನು ಕೊನೆಗೆ ಒರೆಸಿದಳು. ಖಾಲಿ ಸ್ಟೂಲಿನ ಮೇಲೆ ಕೂರಲಿಲ್ಲ. ಮೆಟ್ಟಿಲಿಗೆ ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತಳು.

"ಯಾವಾಗಿಂದ ಅತ್ತೆ?"

"ಯಾರಿಗೆ ಗೊತ್ತು. ಗೊತ್ತಾಗದೆ ಇರೋದು ಯಾವಾಗ ಶುರುವಾಯ್ತು ಅಂತ ಹೇಗೆ ಗೊತ್ತಾಗತ್ತೆ?"

"ಡಾಕ್ಟರಿಗೆ ತೋರಿಸೋಣ."

"ತೋರಿಸೋಣ." ಇಷ್ಟು ಬೇಗ ಒಪ್ಪಿದ್ದು ಕೇಳಿ ಸೊಸೆಗೆ ಗಾಬರಿಯಾಯಿತು. "ಪೆಟ್ಟಿಗೆ ತುಂಬ ಬದುಕಿರೋವನ್ನೇ ಹೂತು ಹಾಕಿದ್ದೀನಲ್ಲೇ. ಪಾಪ, ಆ ಮೀನಿನವರು. ಎಂಥೆಂಥ ಒಳ್ಳೆ ಮೋಟಾರು..."

"ಏಳರಲ್ಲಿ ಎರಡು ನಿಜವಾಗ್ಲೂ ಸತ್ತಿದ್ವು."

"ನಿಜವಾ?" ಅತ್ತೆ ತಿರುಗಿ ನೋಡಿದಳು. ಮುಖದಲ್ಲಿ ಏನೋ ಸ್ವಲ್ಪ ಅಲ್ಲಾಡಿತು. "ಎರಡಾದ್ರೂ ಸರಿ ಹೇಳಿದ್ದೀನಿ ಅನ್ನು."

ಅಷ್ಟರಲ್ಲಿ ಅಂಬಿಗ ಬಂದ. ಕೂಗು ಕೇಳಿ ಬಂದವನು. ಇಬ್ಬರೂ ಮೆಟ್ಟಿಲ ಮೇಲೆ ಕೂತದ್ದು ನೋಡಿ ಏನು ಕೇಳಬೇಕೋ ತಿಳಿಯದೆ ನಿಂತ. ಅತ್ತೆಯೇ ಹೇಳಿದಳು, ಸುತ್ತುಬಳಸಿಲ್ಲದೆ. "ನಿನ್ನ ಕಾಯಿಲ್ ಸತ್ತಿಲ್ಲ. ಸತ್ತಿದ್ದು ನನ್ನ ಬೆರಳು. ಹೋಗಿ ಊರಿಗೆಲ್ಲ ಹೇಳು. ಬೆಂಚು ಬಿಟ್ಟು ಎದ್ದಿದ್ದೀನಿ."

ಅಂಬಿಗ ತಲೆ ಕೆರೆದುಕೊಂಡ. "ಹಾಗಾದ್ರೆ ಬೆಳಿಗ್ಗೆ ಯಾಕೆ ಹತ್ತಲಿಲ್ಲ?"

"ಅದು ನನಗೇನು ಗೊತ್ತು?"

"ನಿನಗೆ ಗೊತ್ತಿಲ್ಲದೆ ಮೇಲಿನ ಕಡವಿನ ಆ ಚಡ್ಡಿ ಹುಡುಗರಿಗೆ ಗೊತ್ತಿರತ್ತಾ?" ಅಂಬಿಗನಿಗೆ ಈಗ ನಿಜವಾಗಿ ಸಿಟ್ಟು ಬಂದಿತ್ತು. "ಬೆರಳು ಹೋಯ್ತು ಅಂತ ಕಿವೀನೂ ಹೋಯ್ತಾ? ನಾನು ಹೇಳಿದೆನಲ್ಲ, ಕೆಮ್ತಾ ಇತ್ತು ಅಂತ."

"ಹೇಗೆ ಕೆಮ್ಮಿತು?"

ಅಂಬಿಗ ಕೆಮ್ಮಿ ತೋರಿಸಿದ. ಎರಡು ಒಣ ಕೆಮ್ಮು, ನಡುವೆ ಒಂದು ಉಸಿರು, ಮತ್ತೆ ಒಂದು ಉದ್ದದ್ದು.

"ಉದ್ದದ್ದು ಕೊನೇಲೋ, ಮೊದಲೋ?"

"ಕೊನೇಲಿ."

"ಕಾರ್ಬೊರೇಟರ್‌ಗೆ ಎಣ್ಣೆ ಬರೋ ದಾರೀಲಿ ಕಸ" ಅಂದಳು ಅತ್ತೆ. ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಎದ್ದಿದ್ದಳು. ಎದ್ದದ್ದು ತನಗೇ ಗೊತ್ತಾಗಿ ಅಲ್ಲೇ ನಿಂತಳು. ಒಳಗೆ ನೋಡಿದಳು. ಸವೆದ ಬಟ್ಟಲು, ಖಾಲಿ ಸ್ಟೂಲು, ಪಕ್ಕದಲ್ಲಿ ಸುಟ್ಟ ರೊಟ್ಟಿಯಂಥ ಪೆಟ್ಟಿಗೆ.

ಒಳಗೆ ಹೋಗಿ ಸ್ಟೂಲನ್ನು ಎತ್ತಿಕೊಂಡು ಬೆಂಚಿನ ಸುತ್ತ ಬಂದು, ಆಚೆ ಬದಿಯಲ್ಲಿ ಇಟ್ಟಳು. ಎರಡು ವರ್ಷ ಸೊಸೆ ದೀಪ ಹಿಡಿದು ನಿಲ್ಲುತ್ತಿದ್ದ ಜಾಗ.

"ಬೆಂಚು ಬಿಡ್ತೀನಿ ಅಂದಿದ್ದೆ, ಬಿಟ್ಟೆ" ಅಂದಳು ದೀಪವನ್ನು ಕೈಗೆ ತಗೊಂಡು. "ಸ್ಟೂಲು ಬಿಡ್ತೀನಿ ಅಂದಿರಲಿಲ್ಲ. ಏ ಕಾಲೇಜು, ಏನು ನೋಡ್ತಾ ನಿಂತಿದ್ದೀಯ? ಪೆಟ್ಟಿಗೆ ಕಿಟಕಿ ಇರೋ ಕಡೆಗೆ ನೀನು ಬಾ. ಮೊದಲು ಅವನ ಕಾಯಿಲ್ ವಾಪಸು ಹಾಕು, ಆಮೇಲೆ ಆ ಕೊಳವೆ ಬಿಚ್ಚು. ಅದಲ್ಲ ಕಣೇ, ಅದರ ಪಕ್ಕದ್ದು."

ಮೋಟಾರು ಮೂರನೆಯ ಎಳೆತಕ್ಕೆ ಹತ್ತಿತು. ನೀರಿನ ಪೀಪಾಯಿಯಲ್ಲಿ ನಿಲ್ಲಿಸಿ ಹತ್ತಿಸಿದ್ದು. ಕೋಣೆಯ ತುಂಬ ನೀಲಿ ಹೊಗೆ, ಪೀಪಾಯಿಯಿಂದ ಅಂಬಿಗನ ಮುಖಕ್ಕೆ ನೀರು. ಒರೆಸಿಕೊಳ್ಳುವುದನ್ನೂ ಬಿಟ್ಟು ಅವನು ಅದರ ಸದ್ದು ಕೇಳುತ್ತ ನಿಂತ.

ಅವನು ಹೋದ ಮೇಲೆ ಉಳಿದ ಮಧ್ಯಾಹ್ನವೆಲ್ಲ ಅತ್ತೆ ಸೊಸೆ ಬೆಂಚಿನ ಕೆಳಗಿನ ಪೆಟ್ಟಿಗೆಯನ್ನು ಖಾಲಿ ಮಾಡಿದರು. ಅತ್ತೆ ಒಂದೊಂದೇ ಕಾಯಿಲ್ ಎತ್ತಿ ಕೊಡುವಳು, ಸೊಸೆ ಸಿಕ್ಕಿಸುವಳು. ಕಿಟಕಿಯಲ್ಲಿ ನೀಲಿ ಬಂದರೆ ಅತ್ತೆ ಕಪ್ಪು ದಾರ ಬಿಚ್ಚಿ ಮಡಿಲಿಗೆ ಹಾಕಿಕೊಳ್ಳುವಳು. ಅದು ಯಾರ ಮೋಟಾರಿನದು, ಯಾವ ಮಳೆಗಾಲದಲ್ಲಿ ಬಂತು ಅಂತ ಪ್ರತಿಯೊಂದರ ಕಥೆಯೂ ಅವಳಿಗೆ ನೆನಪಿತ್ತು. ಹೇಳುತ್ತ ಹೋದಳು. ಹೊರಗೆ ನದಿಯ ಮೇಲೆ ಅಂಬಿಗನ ಮೋಟಾರಿನ ಸದ್ದು ದೂರವಾಗುವುದು, ಹತ್ತಿರವಾಗುವುದು. ಕಿಟಕಿಯಲ್ಲಿ ಕತ್ತಲು, ನೀಲಿ, ನೀಲಿ, ಕತ್ತಲು, ನೀಲಿ.

ಸೊಸೆ ನಡುನಡುವೆ ತನ್ನ ತೋರುಬೆರಳ ತುದಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿಕೊಳ್ಳುತ್ತಿದ್ದಳು.

"ಇನ್ನೂ ನೋಯ್ತಿದೆಯೇನೇ?" ಅತ್ತೆ ಕೇಳಿದಳು.

"ಹ್ಞೂಂ" ಅಂದಳು ಸೊಸೆ. ಮುಂದಿನ ಕಾಯಿಲ್‌ಗೆ ಕೈ ಚಾಚಿದಳು.